ನಾಲ್ಕನೇ ಪೀರಿಯಡ್ಡು

ಪಠ್ಯದಲ್ಲಿ ಈ ಪಾಠ ಇಲ್ಲ.
ಪರೀಕ್ಷೆಗೆ ಬರಲ್ಲ ಅಲ್ವಾ ಮಿಸ್, ಎಂದು ಲಿಖಿತ್
ಖಾತ್ರಿ ಮಾಡಿಕೊಂಡು ಪೆನ್ನಿನ ಮುಚ್ಚಳ ಹಾಕಿದ.

ಭೂಪಟದಲ್ಲಿ ರುವಾಂಡ ಹುಡುಕಲು
ಕನ್ನಡಕ ತೆಗೆದು ಒರೆಸಬೇಕಾಯಿತು.
ಹುರುಳಿಕಾಳಿನಷ್ಟು ದೇಶ.
ಗೆದ್ದಲು ತಿಂದಲ್ಲಿ ತಪ್ಪಿಸಿ ಬೆರಳಿಟ್ಟೆ:
ಇಲ್ಲೂ ಗುಡ್ಡ, ಇಲ್ಲೂ ಅರಾಬಿಕ.
ಹಿಂದಿನ ಬೆಂಚು ತಲೆಯೆತ್ತಿತು.
'ಅಲ್ಲಿ ಮೂಟೆಗೆ ರೇಟೆಷ್ಟು ಮಿಸ್?'
ಮೂಡಿಗೆರೆಯ ಮಕ್ಕಳು, ಕೇಳುವುದೇ ಅದು.

ರೇಟು ಬಿದ್ದಿತ್ತು, ಎಂದೆ.
ಇಲ್ಲಿ ಬಿದ್ದ ವರ್ಷ ನಿಮ್ಮ ಮನೆಯಲ್ಲಿ
ಯಾರನ್ನು ಬೈದರು, ಹೋಗಿ ಕೇಳಿ.

ಬಿಳಿಯರು ಬಂದು ಚೀಟಿ ಕೊಟ್ಟಿದ್ದರು:
ನೀನು ಹುಟು, ನೀನು ಟುಟ್ಸಿ.
ಆಡುವ ಮಾತು ಒಂದೇ, ಸೇದುವ ನೀರು ಒಂದೇ,
ಹೆಣ್ಣು ಕೊಟ್ಟು ತಂದ ಮನೆಗಳು.
ಬಿಳಿಯರು ಹೋದರು. ಚೀಟಿ ಉಳಿಯಿತು.

ಐರಿನ್ ಕೈಯೆತ್ತಿದಳು:
'ನಮ್ಮ ಅರ್ಜಿಯಲ್ಲೂ ಕಲಂ ಇದೆಯಲ್ಲ?'
ನಾನು ಬಾಯಿ ತೆರೆಯುವ ಮೊದಲೇ ಸುಪ್ರೀತಾ,
ಮೂರು ತಿಂಗಳಲ್ಲಿ ಮೊದಲ ಸಲ ಮಾತಾಡಿದವಳು:
'ಆ ಕಲಂ ಇಲ್ದಿದ್ರೆ ನಂಗೆ ಸ್ಕಾಲರ್‌ಶಿಪ್ ಇಲ್ಲ.
ಕಲಂ ಅಳಿಸಿದ್ರೆ, ನಮ್ಮನ್ನ ಕಂಡಾಗ
ಲೋಟ ಎತ್ತಿಡೋರು ಬದಲಾಗ್ತಾರಾ?'
ನನ್ನ ನೋಟ್ಸಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.
ಸೀಮೆಸುಣ್ಣ ಮುರಿಯಿತು. ಬೇರೆ ತೆಗೆದುಕೊಂಡೆ.

ಆಮೇಲೆ ರೇಡಿಯೋ.
ಹಾಡು ಹಾಕುತ್ತಿತ್ತು, ಜೋಕು ಹೇಳುತ್ತಿತ್ತು,
ಜೋಕಿನ ನಡುವೆ ಒಂದು ಪದ. ಬೋರ್ಡಿನ ಮೇಲೆ ಬರೆದೆ:
ಜಿರಲೆ.
ಮಕ್ಕಳು ನಕ್ಕರು. ನಗಲಿ ಎಂದು ಬಿಟ್ಟೆ.
ಅಲ್ಲೂ ಮೊದಲು ನಕ್ಕಿದ್ದರು.

ಎಂಟು ಲಕ್ಷ ಜನ ಎಂದರೆ
ಅವರಿಗೆ ತಿಳಿಯುವುದಿಲ್ಲ, ನನಗೂ.
ರೇವತಿ ಮಳೆಗೆ ಶುರುವಾದದ್ದು
ಪುನರ್ವಸು ಹೊತ್ತಿಗೆ ನಿಂತಿತು, ಎಂದೆ.
ಮಳೆ ಲೆಕ್ಕ ಗೊತ್ತು.

'ಯಾವುದ್ರಲ್ಲಿ ಕೊಂದ್ರು?' ತೌಸೀಫ್ ಕೇಳಿದ.
ನಿಮ್ಮ ಹಿತ್ತಿಲ ಗೋಡೆಗೆ ಸಿಕ್ಕಿಸಿದೆಯಲ್ಲ,
ಮರಗಸಿಗೆ ಒಯ್ಯುವ ಕತ್ತಿ, ಅಂಥದ್ದು.
'ಮಿಲಿಟರಿಯವ್ರಾ?'
ಅವರೂ ಇದ್ದರು. ಪಕ್ಕದ ಮನೆಯವರಿದ್ದರು,
ಜ್ವರ ಬಂದಾಗ ಗಂಜಿ ತಂದುಕೊಟ್ಟವರು.
ಮೇಷ್ಟ್ರುಗಳಿದ್ದರು.
ಯಾವ ಮಗು ಯಾವುದೆಂದು ಅವರಿಗೆ ಗೊತ್ತಿತ್ತು,
ಶಾಲೆಯ ಪುಸ್ತಕದಲ್ಲಿ ಬರೆದಿತ್ತು.

ಈಗ ಯಾರೂ ನಗಲಿಲ್ಲ.
ಕಣದ ಕಡೆಯಿಂದ ಗಾಳಿಯೆದ್ದು ಕಿಟಕಿ ಬಡಿದುಕೊಂಡಿತು.
'ಏ ಅಸ್ಸಾಂ, ಅದನ್ನ ಹಾಕೋ ಸ್ವಲ್ಪ' ಎಂದೆ.

ಹುಡುಗ ಎದ್ದ. ಹಾಕಿದ. ಕೂತ.
ಎರಡು ವರ್ಷದಿಂದ ಹಾಗೇ ಏಳುತ್ತಾನೆ, ಕೂರುತ್ತಾನೆ,
ಎಸ್ಟೇಟಿನ ಲೈನಿನಿಂದ ನಾಲ್ಕು ಮೈಲಿ ನಡೆದು ಬರುತ್ತಾನೆ,
ಕನ್ನಡದಲ್ಲಿ ಲಿಖಿತ್‌ಗಿಂತ ಅಂಕ ಜಾಸ್ತಿ.
ರೈಟರು ಕೂಗುವುದು ಹಾಗೆ, ಬಸ್ಸಿನವನು ಹಾಗೆ,
ಹುಡುಗರೆಲ್ಲ ಹಾಗೆ.
ನಾನೂ ಹಾಗೇ ಎಂಬುದು
ಇವತ್ತಿನವರೆಗೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ಐರಿನ್ ನನ್ನನ್ನೇ ನೋಡುತ್ತಿದ್ದಳು.
ಸುಪ್ರೀತಾ ಡೆಸ್ಕನ್ನು ನೋಡುತ್ತಿದ್ದಳು, ಇದೆಲ್ಲ
ಹಳೆಯದು ಎಂಬಂತೆ.
ಬೋರ್ಡಿನ ಮೇಲೆ ಜಿರಲೆ, ನನ್ನದೇ ದುಂಡು ಅಕ್ಷರ.

ತಪ್ಪಾಯಿತು ಎನ್ನುವ ರೂಢಿ ನಮ್ಮ ನಾಲಿಗೆಗಿಲ್ಲ.
ಬೆಳಿಗ್ಗೆಯೇ ಮುಗಿದಿದ್ದ ಹಾಜರಿ
ಮತ್ತೆ ತೆರೆದೆ. ಹದಿನೇಳನೇ ನಂಬರು.
'ಇನಾಮುಲ್ ಹೊಕ್.'
ಗಾಬರಿಯಿಂದ ಎದ್ದು ನಿಂತ, ಏನೋ ಕದ್ದು ಸಿಕ್ಕವನಂತೆ.
'ಪ್ರೆಸೆಂಟ್ ಮಿಸ್.'
ಸ್ವಲ್ಪ ತಡೆದು,
'ಇನಾಮುಲ್ ಅಲ್ಲ. ಎನಾಮುಲ್.'

ತಿದ್ದಲು ಹೋದರೆ ಕೆಂಪು ಶಾಯಿ ಹರಡಿತು.
ಅಷ್ಟರಲ್ಲಿ ಬಿಸಿಯೂಟದ ಗಂಟೆ,
ತಟ್ಟೆಗಳ ಸದ್ದು, ಹುಳಿ ಸಾರಿನ ಘಮ.
ಬಾಗಿಲಲ್ಲಿ ಒಬ್ಬ ತಿರುಗಿ ಕೂಗಿದ:
'ಏ ಅಸ್...'

ಅಲ್ಲಿಗೇ ನಿಲ್ಲಿಸಿದ.
ಬೇರೆ ಹೆಸರನ್ನೂ ಹೇಳಲಿಲ್ಲ.