ದಸ್ತಿಯ ಕೆಳಗೆ

ಗಂಜಿನಲ್ಲಿ ಈಗ ಯಾರೂ
ದಸ್ತಿ ಹಾಸಿ ಬೆರಳು ಹಿಡಿಯುವುದಿಲ್ಲ.
ಗೋಡೆಯ ಮೇಲೆ ತೆರೆಯಿದೆ, ಕೆಂಪು ಅಂಕಿ ಓಡುತ್ತದೆ,
ಹನ್ನೊಂದಕ್ಕೆ ಟೆಂಡರು, ಎರಡಕ್ಕೆ ತೂಕ.
ಲಾಡ್ಲೇಸಾಬರ ಹೆಗಲ ಮೇಲೆ ಮಾತ್ರ
ಚೌಕಳಿ ದಸ್ತಿ ಇನ್ನೂ ಇದೆ.
ಒಂದು ಕಾಲಕ್ಕೆ ಅದೇ ಅವರ ಅಂಗಡಿ,
ಈಗ ಬೆವರೊರೆಸುವ ಬಟ್ಟೆ.

ನಾನು ಅಡತಿ ಅಂಗಡಿಯ ಗುಮಾಸ್ತ.
ಇಪ್ಪತ್ತಾರು ವರ್ಷ ತೊಗರಿ ಬರೆದಿದ್ದೇನೆ,
ಒಂದು ಕಾಳೂ ಬಿತ್ತಿಲ್ಲ.
ನನಗೆ ಗೊತ್ತಿರುವ ಹಂಗಾಮು ಎರಡೇ:
ಪುಷ್ಯದಲ್ಲಿ ರಾಶಿ,
ಆಮೇಲೆ ದಿಲ್ಲಿಯ ಸುತ್ತೋಲೆ.
ಆಮದು ಸುಂಕದ ಕಾಲಮಿನಲ್ಲಿ
ಒಂದು ಸೊನ್ನೆ, ಅದಕ್ಕೊಂದು ಗಡುವು;
ಗಡುವು ಹತ್ತಿರ ಬಂದಾಗೆಲ್ಲ
ಸೊನ್ನೆಗೆ ಮತ್ತೆ ಆಯುಷ್ಯ.

ಆ ಮಂಗಳವಾರ ಚೇಂಬರಿನ ಹಾಲಿಗೆ ಒಬ್ಬ ಅಧಿಕಾರಿ ಬಂದ.
ಸಣ್ಣ ವಯಸ್ಸು, ಗರಿಗರಿ ಬಿಳಿ ಅಂಗಿ.
ಮಜ್ಜಿಗೆ ಬೇಡ, ನೀರು ಸಾಕು ಅಂದ.
ಕಡಲಾಚೆಯ ದೇಶದ ಜೊತೆ ಮಾತು ನಡೆದಿದೆಯಂತೆ:
ಅವರ ತೊಗರಿಗೆ ನಮ್ಮ ಬಾಗಿಲು,
ನಮ್ಮ ಮಾತ್ರೆಗೆ, ಟ್ರ್ಯಾಕ್ಟರಿಗೆ ಅವರ ಬಾಗಿಲು.
"ಎಷ್ಟು ಪರ್ಸೆಂಟಾದರೆ ನೀವು ತಾಳುತ್ತೀರಿ?
ಒಂದು ಅಂಕಿ ಕೊಡಿ."

ಒಂದು ಅಂಕಿ ಎಲ್ಲಿಂದ ತರುವುದು?
ಹೊಲದವರು ಐವತ್ತು ಎಂದರು.
ಗಿರಣಿಯ ಕಾಶೀರಾಯ ಸಾವುಕಾರರು ಎದ್ದು,
"ಐವತ್ತಾದ್ರ ಗಿರಣಿಗಿ ಕೀಲಿ ಹಾಕಬೇಕ್ರಿ,
ಇಲ್ಲಿ ಕಾಳು ಹೋಳಿಹುಣ್ಣಿಮಿಗೇ ತೀರತದ" ಎಂದರು.
ಹೊಲದವರ ಸಾಲಿನಲ್ಲಿ
ಸಾವುಕಾರರ ಸ್ವಂತ ತಮ್ಮ ಕೂತಿದ್ದ.
ಹಿಂದಿನ ಕುರ್ಚಿಯಲ್ಲಿ ನಾನು ಪೆನ್ನು ಕಚ್ಚುತ್ತ,
ತಿಂಗಳಿಗೆ ಐದು ಕಿಲೋ ಬೇಳೆ ಕೊಳ್ಳುವವನು
ಯಾವ ಸಾಲಿಗೆ ಸೇರುತ್ತಾನೋ ತಿಳಿಯದೆ ಸುಮ್ಮನಿದ್ದೆ.

ಆಗ ಲಾಡ್ಲೇಸಾಬರು ಎದ್ದು ಮುಂದೆ ಹೋದರು.
ದಸ್ತಿ ಬಿಡಿಸಿ ಮೇಜಿನ ಮೇಲೆ ಹಾಸಿದರು.
ಫೈಲು, ಬಾಟಲಿ, ಮೈಕು ಅರ್ಧರ್ಧ ಮುಚ್ಚಿದವು.
"ಕೈ ಕೊಡ್ರಿ ಸಾಬ್.
ಬಾಯಿಲೆ ಹೇಳಿದ ರೇಟು ಗಾಳಿಗಿ ಹೋಗತದ."
ಹಾಲು ನಕ್ಕಿತು. ಅವನೂ ನಕ್ಕ,
ವಾಚು ಮೇಲೆ ಸರಿಸಿ ಕೈ ತೂರಿಸಿದ.

ಬಟ್ಟೆ ಒಮ್ಮೆ ಅಲುಗಿತು, ಚೀಲದೊಳಗೆ ಇಲಿ ಹೊರಳಿದಂತೆ.
ಆಮೇಲೆ ಬಹಳ ಹೊತ್ತು ಅಲುಗಲಿಲ್ಲ.
ಅವನ ಮುಖದ ನಗು ಯಾವಾಗ ಇಳಿಯಿತೋ,
ನಾನು ಬಟ್ಟೆಯನ್ನೇ ನೋಡುತ್ತಿದ್ದೆ.

ಸಂಜೆ ಚಹಾದಂಗಡಿಯಲ್ಲಿ ಕೇಳಿದೆ:
"ಎಷ್ಟು ಬೆರಳು ಒತ್ತಿದ್ರಿ, ಚಾಚಾ?"
ಬಸಿಗೆ ಸುರಿದು, ಊದಿ, ಅರ್ಧ ಕುಡಿದು ಹೇಳಿದರು:
"ನಾ ಎಲ್ಲಿ ಒತ್ತಿದೆ?
ಅಂವ ಖರೀದಿದಾರ ಅಲ್ಲ, ಮಾರಾವನೂ ಅಲ್ಲ.
ದಲಾಲಿ ಅದಾನ, ನನ್ನಂಗ.
ಕೈ ಹಿಡಿದ ಕೂಡ್ಲೇ ತಿಳೀತು,
ಇನ್ನೊಂದು ದಸ್ತಿ ಅದ ಎಲ್ಲೋ, ಭಾಳ ದೊಡ್ಡದು,
ಅದರ ಬುಡಕ ಅವನ ಇನ್ನೊಂದು ಕೈ ಸಿಕ್ಕೊಂಡದ.
ಅಂಗೈ ಥಂಡ ಆಗಿತ್ತು, ಪಾಪ.
ಹಿಡ್ಕೊಂಡು ನಿಂತೆ, ಅಷ್ಟೇ."

ಮರುದಿನ ಬೆಳಿಗ್ಗೆ ಗಿರಣಿಗೆ ಚೀಟಿ ಒಯ್ದೆ.
ಮಲ್ಕಮ್ಮ ಕಾಲು ಚಾಚಿ ಕಾಳು ಆರಿಸುತ್ತಿದ್ದಳು.
ಎಡಕ್ಕೆ ಚಿತ್ತಾಪುರದ ಚೀಲ.
ಬಲಕ್ಕೆ ಹಡಗಿನದು, ಮೇಲೆ ನಮಗಿಬ್ಬರಿಗೂ ಬಾರದ ಅಕ್ಷರ;
ಕಾಳು ಸಣ್ಣ, ಸಿಪ್ಪೆ ಗಟ್ಟಿ,
ಒಡೆದರೆ ಒಳಗೆ ಅದೇ ಹಳದಿ.
"ಇಲ್ಲಿ ನೋಡ್ರಿ" ಎಂದು
ಚೀಲದ ತಳದಿಂದ ಒಂದು ಹೆಂಟೆ ತೆಗೆದಳು.
ಕೆಂಪು ಮಣ್ಣು. ಬೋರೆಹಣ್ಣಿನಷ್ಟು.
"ಅಲ್ಲೀ ಹೆಣ್ಮಕ್ಕಳೂ ನಮ್ಮಂಗೇ,
ಕೂಲಿ ಕಡಿಮಿ ಇದ್ದಷ್ಟು ಮಣ್ಣು ಜಾಸ್ತಿ ಬಿಡತಾರ"
ಎಂದು ನಕ್ಕು, ಕಸರು ತೂಗುವ ತಟ್ಟೆಗೆ ಹಾಕಿದಳು,
ನಮ್ಮ ಕರಿ ಹೆಂಟೆಗಳ ಪಕ್ಕಕ್ಕೆ.

ಎರಡೂ ಕೂಡಿ ನಲವತ್ತು ಗ್ರಾಂ.
ಬರೆದುಕೊಂಡೆ.
ಹನ್ನೊಂದಕ್ಕೆ ಟೆಂಡರಿತ್ತು, ಹೊರಟೆ.