ಒಂದು ಬೆರಳಿನಷ್ಟು ಇಳಿತ

ತಣ್ಣಗಿದ್ದಾಗ ಎತ್ತುತ್ತೆ, ಕಾದ ಮೇಲೆ ಕೂತುಬಿಡುತ್ತೆ
ಅಂದರು ಪಾಪೇಗೌಡರು,
ನನ್ನ ಮಂಡಿಗೆ ತದ್ವಿರುದ್ಧ.

ದುದ್ದದ ಆಚೆ, ಕೆರೆ ಏರಿಯ ಕೆಳಗೆ ಅರ್ಧ ಉತ್ತ ಹೊಲ.
ನೇಗಿಲು ಹೂತುಕೊಂಡು ನಿಂತಿದೆ
ಅರವತ್ತೆಂಟರ ಮ್ಯಾಸ್ಸಿ,
ಕೆಂಪು ಹೋಗಿ ಹಳೇ ಹೆಂಚಿನ ಬಣ್ಣ.
ಹುಣಸೆಯ ನೆರಳಲ್ಲಿ ಗೋಣಿ ಹೊದ್ದು
ಜಲಂಧರದ ಬೀಜ, ನಿನ್ನೆ ಕೊಯ್ದದ್ದು.
ಕೊಯ್ದ ಆಲೂಗಡ್ಡೆ ಯಾರಿಗೂ ಕಾಯುವುದಿಲ್ಲ.

ಬದುವಿನ ಮೇಲೆ ಆಗಲೇ ನಾಲ್ಕು ಜನ ಡಾಕ್ಟರು.
ಪಂಪು ಹೋಗಿದೆ, ಅಂದ ಒಬ್ಬ.
ಪಂಪಲ್ಲ, ವಾಲ್ವು.
ಗುಜರಿಗೆ ಹಾಕಿ, ತೂಕಕ್ಕೆ ಒಳ್ಳೇ ರೇಟಿದೆ.
ನಾಲ್ಕನೆಯವನು ಬೀಡಿ ಕೇಳಿದ.

ನಮ್ಮ ಮೇಸ್ತ್ರಿ ಸುಭಾನ್ ಸಾಬರು ಹೇಳುತ್ತಿದ್ದರು:
ಸ್ಪ್ಯಾನರ್ ಹಿಡಿಯೋ ಮೊದಲು ಕೈ ಕಟ್ಟಿ ನಿಲ್ಲು.
ಪಿಟಿಓ ಲಿವರ್ ಹಾಕಿದೆಯಾ, ಅಷ್ಟು ನೋಡು.
ಅದೊಂದು ನೋಡದೆ
ಇಡೀ ಹಿಂಭಾಗ ಬಿಚ್ಚಿ ಹರವಿದವನು ನಾನೇ,
ಹಾಸನದ ಸಂತೇಪೇಟೆಯಲ್ಲಿ, ಸಂತೆಯ ದಿನವೇ.

ಲಿವರ್ ಸರಿಯಿತ್ತು.
ಅಳತೆಕಡ್ಡಿ ಎಳೆದೆ. ಎಣ್ಣೆ ಗೆರೆ ದಾಟಿ ಮೇಲಿದೆ.
ಇಷ್ಟು ವಯಸ್ಸಾದ ಗಾಡಿ ಎಣ್ಣೆ ಕುಡಿಯೋದು ಕಂಡಿದ್ದೇನೆ,
ಹೆತ್ತದ್ದು ಕಂಡಿಲ್ಲ.
ಅಡಿಯ ಬೋಲ್ಟು ಸಡಿಲಿಸಿದರೆ
ಮೊದಲು ಬಂದದ್ದು ನೀರು, ಒಂದು ಚೆಂಬಿನಷ್ಟು,
ಆಮೇಲೆ ಹಾಲು ಜಾಸ್ತಿಯಾದ ಕಾಫಿ,
ಅದೂ ತಣ್ಣಗಾಗಿ ಕೆನೆ ಕಟ್ಟಿದ್ದು.
ಜಾಲರಿಗೆ ಮೆತ್ತಿದ್ದ ಲೋಳೆಯನ್ನು
ಹುಡುಗ ಇರ್ಷಾದ್ ಬೆರಳಲ್ಲಿ ಬಳಿದು ಮೂಸಿದ.

ಡೀಸೆಲಲ್ಲಿ ತೊಳೆದೆವು, ಹೊಸ ಎಣ್ಣೆ ಸುರಿದೆವು.
ನೇಗಿಲು ಎದ್ದಿತು. ಬದುವಿನವರು ಚಪ್ಪಾಳೆ ಹೊಡೆದರು.
ಕ್ಲಚ್ ಒತ್ತಿದೆ.
ನಿದ್ದೆಗೆ ಜಾರುವ ಮಗುವಿನ ತಲೆಯಂತೆ
ಮೆಲ್ಲಗೆ, ಮೆಲ್ಲಗೆ, ನೆಲ ಮುಟ್ಟಿತು.

ಪಕ್ಕದ ಮುಚ್ಚಳ ತೆಗೆದು ಟಾರ್ಚ್ ಬಿಟ್ಟೆ.
ಅಲ್ಲಿ, ಸಿಲಿಂಡರಿನ ಬಾಯಲ್ಲಿ
ಎಣ್ಣೆಯ ಒಂದೇ ಎಳೆ,
ಹಸು ಕರೆಯುವಾಗ ತಂಬಿಗೆ ತಪ್ಪಿದ ಹಾಲಿನಂತೆ
ಓರೆಯಾಗಿ ಹಾರುತ್ತಿತ್ತು.
ಸಿಕ್ಕಿದೆ, ಅಂದೆ. ಯಾರಿಗೂ ಕೇಳಿಸಲಿಲ್ಲ, ಇಂಜಿನ್ ಸದ್ದು.

ಮೂರು ಸರ್ವೆಗಳ ಕಟ್ಟಿ, ಸರಪಳಿ ಹಾಕಿ
ಮೇಲಿನ ಭಾರವನ್ನೆಲ್ಲ ಇಳಿಸಿದೆವು.
ಹಾಸನಕ್ಕೆ ಹೋಗಿ ಇರ್ಷಾದ್ ತಂದ ರಿಂಗು
ಅವನ ಕಿರುಬೆರಳಲ್ಲಿ ತೂಗುತ್ತಾ ಬಂತು,
ಬಳೆಯಷ್ಟು ರಬ್ಬರು, ಅರವತ್ತು ರೂಪಾಯಿ.

ನೀರು ಎಲ್ಲಿಂದ ಬಂತು, ಅದು ಬಾಕಿಯಿತ್ತು.
ಗೇರ್ ಕಡ್ಡಿಯ ಬುಡದ ರಬ್ಬರು ಟೋಪಿ ಸೀಳಿತ್ತು.
ತೊಳೀತೀರಾ? ಕೇಳಿದೆ.
ಗೌಡರ ಮುಖ ಅರಳಿತು.
ಪ್ರತಿ ಶುಕ್ರವಾರ! ಪೈಪು ಹಿಡಿದು
ನೆತ್ತಿಯಿಂದ ಸ್ನಾನ, ಆಮೇಲೆ ಕುಂಕುಮ,
ಇಪ್ಪತ್ತೆರಡು ವರ್ಷದಲ್ಲಿ ಒಂದು ವಾರ ತಪ್ಪಿಲ್ಲ.
ನಾನು ಕೈ ಒರೆಸಿಕೊಳ್ಳುವುದನ್ನು
ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಾಡಿದೆ.

ಆಮೇಲೆ ಹೇಳಿದೆ. ಹೇಳದೆ ಹೋದರೆ
ಮುಂದಿನ ವರ್ಷ ಮತ್ತೆ ಇದೇ ಹುಣಸೆಯ ಕೆಳಗೆ.
ಅವರು ಏನೂ ಅನ್ನಲಿಲ್ಲ. ಹೆಗಲ ಟವಲು ತೆಗೆದು
ಆ ಸೀಳಿನ ಮೇಲೆ ಸುತ್ತಿ ಗಂಟು ಹಾಕಿದರು.

ರಾತ್ರಿ ನೇಗಿಲು ಎತ್ತಿ ನಿಲ್ಲಿಸಿ
ಅದರ ಮಟ್ಟಕ್ಕೆ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದೆ,
ಅಡಿಯಲ್ಲಿ ಕಲ್ಲೂ ಇಟ್ಟೆ, ಕೋಳಿ ಮಲಗುವ ಜಾಗ.
ಬೆಳಿಗ್ಗೆ ನೋಡಿದರೆ ಒಂದು ಬೆರಳಿನಷ್ಟು ಇಳಿದಿತ್ತು.
ಇದಕ್ಕೂ ರಿಪೇರಿ ಉಂಟಾ? ಅಂದರು.
ಇಲ್ಲ ಗೌಡರೇ, ಇಷ್ಟಕ್ಕೆ ಇಲ್ಲ.

ಹತ್ತು ಗಂಟೆಗೆ ಮೊದಲ ಸಾಲು ಬಿತ್ತು.

ಮುಂದಿನ ಶುಕ್ರವಾರ ಆ ದಾರಿಯಲ್ಲೇ ಬಂದೆ.
ಒದ್ದೆ ಬಟ್ಟೆಯಲ್ಲಿ ಮಡ್‌ಗಾರ್ಡ್ ಒರೆಸುತ್ತಿದ್ದರು,
ಗೇರ್ ಕಡ್ಡಿಗೆ ಬಸ್ಸಿನ ಟ್ಯೂಬಿನ ಟೋಪಿ.
ಪೈಪು ಹುರುಳಿಕಾಯಿ ಪಾತಿಯಲ್ಲಿ ಬಿದ್ದಿತ್ತು,
ನೀರು ಬಿಟ್ಟುಕೊಂಡು.