ಬಿಚ್ಚುವ ಬೆರಳು

ತಾರ್ತು ಊರಿನಲ್ಲಿ ಜನವರಿಯೆಂದರೆ ನಾಲ್ಕಕ್ಕೇ ಕತ್ತಲು.
ಎಮಾಯೊಗಿ ಹೊಳೆ ಹೆಪ್ಪುಗಟ್ಟಿದೆ,
ಅದರ ಮೇಲೆ ಯಾರದೋ ಸೈಕಲ್ಲಿನ ಗೆರೆ.
ಮೂರನೆಯ ಮಹಡಿಯಲ್ಲಿ ಸಿಗ್ನೆ ಒಬ್ಬಳೇ
ನೇರಳೆ ಬೆಳಕಿನ ಪೆಟ್ಟಿಗೆಗೆ ಬಾಗಿ
ಜೆಲ್ಲಿನ ಪಟ್ಟಿ ಓದುತ್ತಾಳೆ:
ಬಿಚ್ಚಿದ್ದು ಕೆಳಗೆ, ಬಿಚ್ಚದ್ದು ಮೇಲೆ.
ಏಳನೆಯ ಸಾಲಿನಲ್ಲಿ ಏನೂ ಇಳಿದಿಲ್ಲ.

ಅಜ್ಜಿ ಹೆಲ್ಮಿಯ ಬಲಗೈ ಹೆಬ್ಬೆರಳಿನಲ್ಲಿ
ಒಂದು ನರಹುಲಿ ಇತ್ತು.
ಹೆಸರಲ್ಲಷ್ಟೇ ಹುಲಿ; ನೋಡಲು ಬಟಾಣಿ.
ಅದರೊಳಗೆ ಎಂಟು ಸಾವಿರ ಅಕ್ಷರಗಳ ಬಳೆ,
ಮೊದಲಿಲ್ಲ, ಕೊನೆಯಿಲ್ಲ, ಬರೀ ಹುರಿ.
ಮಿಕ್ಕದ್ದೆಲ್ಲ ಎರವಲು:
ಹಿಟ್ಟು ನಮ್ಮದು, ಒಲೆ ನಮ್ಮದು,
ಊದುವ ಉಸಿರೂ ನಮ್ಮದೇ.
ಬಿಚ್ಚುವ ಕೈ ಮಾತ್ರ ಅದರದು.

ಹೇಗೆ ಬಿಚ್ಚುತ್ತದೆ ಅಂದರೆ,
ದಾರಿ ಬಲ್ಲವನೊಬ್ಬ ಅದನ್ನು ಕರೆತಂದು
ಜಾಗ ತೋರಿಸಿ ಹೊರಟುಹೋಗುತ್ತಾನೆ.
ಅಲ್ಲಿ ಹಿಡಿತ ಸಡಿಲು,
ಮೂರು ಕೊಂಡಿ ಇರಬಹುದಾದ ಕಡೆ ಎರಡೇ ಕೊಂಡಿ.
(ಯಾವ ಹಲಗೆ ಲೊಡಲೊಡ ಎನ್ನುತ್ತದೆಂದು
ಕಳ್ಳನಿಗೆ ಯಾರೂ ಹೇಳಿಕೊಡಬೇಕಿಲ್ಲ.)
ಒಂದು ಬರುತ್ತದೆ, ಇನ್ನೊಂದು, ಮತ್ತೊಂದು,
ಆರಾರು ಸೇರಿ ಎರಡು ಉಂಗುರ.
ಒಂದೆಳೆ ಉಂಗುರದ ಒಳಗೆ,
ಇನ್ನೊಂದು ಹೊರಗೆ, ಚಳಿಗೆ.
ಒಳಗಿನ ಆರು ಬೆರಳೂ ಸುರುಳಿ ಮೆಟ್ಟಿಲ ಹಾಗೆ ಏರುಪೇರು;
ಮೇಲಿನದು ಹಿಡಿದದ್ದನ್ನು ತಳದವರೆಗೆ ಇಳಿಸಿ,
ಬಿಟ್ಟು, ಮತ್ತೆ ಮೇಲಕ್ಕೆ,
ಬಾವಿ ಸೇದುವವರ ಕೈಯಂತೆ.
ಹೆಜ್ಜೆಗೊಂದು ಅಕ್ಷರ, ಹೆಜ್ಜೆಗೊಂದು ಕಿಡಿ.
ಅವಸರವಿಲ್ಲ.
ದ್ವೇಷವೂ ಇಲ್ಲ.

ಯುದ್ಧ ಮುಗಿದ ಮೇಲೆ ಹೊಸ ಉಣ್ಣೆ ಎಲ್ಲಿತ್ತು?
ಹೆಲ್ಮಿ ಹಳೆಯ ಸ್ವೆಟರುಗಳನ್ನು ಬಿಚ್ಚುತ್ತಿದ್ದಳು.
ತೋಳಿನಿಂದ ಶುರು. ಹೆಬ್ಬೆರಳು ಮುಂದೆ,
ಟಪ್, ಟಪ್, ಒಂದೊಂದೇ ಕಣ್ಣು ಬಿಡಿಸುತ್ತ.
ನೂಲು ಹುರಿಗಟ್ಟಿ ಸಿಕ್ಕಾದರೆ
ಉಂಡೆಯನ್ನು ಗಾಳಿಗೆ ತೂಗಬಿಟ್ಟು
ಗಿರಗಿರ ತಿರುಗಲು ಬಿಡುವಳು.
(ಜೀವಕೋಶದಲ್ಲಿ ಆ ಕೆಲಸಕ್ಕೂ ಒಬ್ಬನಿದ್ದಾನೆ:
ಕತ್ತರಿಸಿ, ಹುರಿ ಇಳಿಸಿ, ಮತ್ತೆ ಅಂಟಿಸಿ
ಏನೂ ಆಗಿಲ್ಲವೆಂಬಂತೆ ನಡೆದುಬಿಡುವವನು.)
ಬಿಸಿನೀರಲ್ಲಿ ಅದ್ದಿ, ಕಲ್ಲು ಕಟ್ಟಿ ನೇತುಹಾಕಿದರೂ
ನೂಲು ಹಳೆಯ ಮಡಿಕೆ ಮರೆಯುತ್ತಿರಲಿಲ್ಲ.
ಅಪ್ಪನ ಮೊಣಕೈ ಮಗುವಿನ ಟೊಪ್ಪಿಯಲ್ಲಿ ಡೊಂಕಾಗಿ ಕೂರುತ್ತಿತ್ತು.

ಕಾಲ್ಯೊನ ಸ್ವೆಟರು ಒಂದನ್ನು ಬಿಟ್ಟು.
ನಲವತ್ತೊಂಬತ್ತರ ಮಾರ್ಚಿಯಲ್ಲಿ ಅಣ್ಣನನ್ನು ದನದ ಡಬ್ಬಿಯ ರೈಲು ಒಯ್ದಿತ್ತು,
ಸ್ವೆಟರು ಒಲೆಯ ಮೇಲಿನ ಹಗ್ಗದಲ್ಲಿ ಒಣಗುತ್ತಲೇ ಉಳಿದಿತ್ತು.
ಬೂದು ಬಣ್ಣ, ಕುತ್ತಿಗೆಗೆ ಕೆಂಪು ಗೆರೆ.
ಎರಡು ಚಳಿಗಾಲ ಕಳೆದ ಮೇಲೆ ಒಂದು ಸಂಜೆ
ತೊಡೆಯ ಮೇಲೆ ಹಾಕಿಕೊಂಡು ತುದಿ ಹುಡುಕಿದಳು.
ಸಿಕ್ಕಿತು. ಬೆರಳಿಗೆ ಸುತ್ತಿಕೊಂಡಳು.
ದೀಪದ ಎಣ್ಣೆ ಮುಗಿಯಿತು.
ಎಳೆಯಲಿಲ್ಲ.

ನರಹುಲಿಗೆ ನೆರೆಮನೆಯ ಮುದುಕಿಯ ಮದ್ದು:
ಉಣ್ಣೆದಾರಕ್ಕೊಂದು ಗಂಟು ಹಾಕಿ
ಸೂರಿನ ಹನಿ ಬೀಳುವ ಕಲ್ಲಿನಡಿ ಹೂಳು,
ದಾರ ಕೊಳೆತಂತೆ ಅದೂ ಉದುರುತ್ತದೆ.
ಹೂತಳು. ಉದುರಿತು.
ಅವು ತಾವಾಗಿಯೇ ಹೋಗುವುದೂ ಉಂಟೆಂದು
ಸಿಗ್ನೆಗೆ ಈಗ ಗೊತ್ತು.
ಆ ದಾರ ಯಾವ ಬಣ್ಣದ್ದು ಎಂದು
ಅಜ್ಜಿ ಇದ್ದಾಗ ಕೇಳಬೇಕಿತ್ತು.

ಏಳನೆಯ ಸಾಲು ಕೆಟ್ಟದ್ದೇನಲ್ಲ.
ಆ ಪ್ರೋಟೀನಿನ ಬೆರಳನ್ನು ಅವಳೇ ತೆಗೆದಿದ್ದಾಳೆ,
ಒಂದೇ ಅಕ್ಷರ ತಿದ್ದಿ.
ಉಂಗುರ ಕೂಡುತ್ತದೆ, ಜಾಗ ಹಿಡಿಯುತ್ತದೆ,
ಇಡೀ ರಾತ್ರಿ ಹಾಗೆಯೇ ಕೂತಿರುತ್ತದೆ.
ಎಳೆ ಇದೆ, ಎಳೆಯುವ ಬೆರಳಿಲ್ಲ.
ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ:
ಏಳು. ಹಿಡಿದಿದೆ. ಬಿಚ್ಚಿಲ್ಲ.

ಪೆಟ್ಟಿಗೆಯ ಬೆಳಕು ಆರಿಸಿ ಕೋಟು ತೊಡುವಾಗ
ಕೈಗವಸಿನ ತುದಿಯಿಂದ ಒಂದು ನೂಲು ಇಣುಕಿದೆ.
ಕತ್ತರಿ ಮೇಜಿನ ಮೇಲೇ ಇದೆ.
ಬೆರಳಿಂದ ಮೆಲ್ಲಗೆ
ಒಳಕ್ಕೆ ತುರುಕುತ್ತಾಳೆ.